ನಾಲ್ಕಿದ್ದದ್ದು ಮೂರಾಯಿತು

ಜನವರಿ 14, ಮಂಗಳವಾರ. ಸಂಜೆ 6.40

ರಿಪೋರ್ಟ್ ಕಳಿಸಿ ಆಯಿತು. ಇವತ್ತು ಎರಡು. ಹೊಸ ಹಿಮ ಇಲ್ಲ. ಗಾಳಿ ಕಡಿಮೆ.

ಆಮೇಲೆ ಊರಿಂದ ಹೆಂಡತಿ ಗೌತಮಿ ಫೋನ್. ಆಫೀಸಲ್ಲಿ ನಿಮಗೆ ಕೆಲಸ ಎಂತದ್ದು, ಸರಿಯಾಗಿ ಹೇಳಿ ಅಂದಳು. ಹೇಳಿದೆ. ಸೌದಿಯವರು ಚಳಿಗಾಲದಲ್ಲಿ ಜಾರ್ಜಿಯಾಕ್ಕೆ ಬೆಟ್ಟ ಹತ್ತಲಿಕ್ಕೆ ಹೋಗ್ತಾರೆ, ನಮ್ಮ ಕಂಪನಿ ಕರ್ಕೊಂಡು ಹೋಗ್ತದೆ. ಸಂಜೆ ಆರಕ್ಕೆ ಅಲ್ಲಿಯ ಹಿಮದ ಬುಲೆಟಿನ್ ಬರ್ತದೆ, ಮರುದಿನಕ್ಕೆ. ಹಿಮ ಕುಸಿಯುವ ಅಪಾಯ ಎಷ್ಟು ಅಂತ ಒಂದರಿಂದ ಐದರವರೆಗೆ ನಂಬರ್. ಮೇಲೆ ನೆಟ್ ಇಲ್ಲ. ಹಾಗಾಗಿ ಅದನ್ನು ಮೂರು ಸಾಲು ಮಾಡಿ ಗೈಡಿನ ಸ್ಯಾಟಲೈಟ್ ಡಿವೈಸಿಗೆ ಕಳಿಸ್ಬೇಕು.

"ಹಿಮವೇ ನೋಡದವರು ಹಿಮದ ರಿಪೋರ್ಟ್ ಕಳಿಸುವುದಾ!" — ನಕ್ಕಳು. ಹಿಂದೆ ಪಾಪು ಎಂತದೋ ಕೂಗ್ತಾ ಇತ್ತು. ಹತ್ತು ತಿಂಗಳಾಯಿತು ಅದಕ್ಕೆ. ಇನ್ನೂ ಎತ್ತಿಕೊಂಡದ್ದಿಲ್ಲ.

ಜನವರಿ 24, ಶುಕ್ರವಾರ

ರಜೆ. ಇಲ್ಲಿ ಸೌದಿಯ ಉನೈಜಾದಲ್ಲಿ ಬೆಳಿಗ್ಗೆ ಐದು ಡಿಗ್ರಿ. ಅರ್ಕಮ್ ಬನಿಯನ್‌ನಲ್ಲಿ ಚಾ ಮಾಡ್ತಾ ಇದ್ದ. ರೂಮ್‌ಮೇಟ್ ಆಗಿ ಎರಡು ವರ್ಷ, ಅವನು ಸ್ವೆಟರ್ ಹಾಕಿದ್ದು ನೋಡಲಿಲ್ಲ. ಉಪ್ಪಿನಂಗಡಿಯವನು. ಉತ್ತರಕಾಶಿಯಲ್ಲಿ ಬೆಟ್ಟ ಹತ್ತುವ ಕೋರ್ಸ್ ಮಾಡಿದ್ದಾನೆ. ಕಂಪನಿಗೆ ಇರುವ ಒಬ್ಬನೇ ಗೈಡ್.

ಹಿಮ ಹೇಗೆ ಜಾರ್ತದೆ ಅಂತ ಕೇಳಿದೆ. ಟ್ರೇಯಲ್ಲಿ ಸಕ್ಕರೆ ಹರಡಿದ. ಮೇಲೆ ಒಂದು ಖುಬ್ಬೂಸ್ ರೊಟ್ಟಿ ಇಟ್ಟ. ಮೆಲ್ಲ ಓರೆ ಮಾಡಿದ. ಖುಬ್ಬೂಸ್ ಇಡೀ ಒಟ್ಟಿಗೆ ಜಾರಿ ನನ್ನ ಮಡಿಲಿಗೆ.

"ಅಡಿಯಲ್ಲಿ ಹಳೆ ಹಿಮ ಸಕ್ಕರೆಯ ಹಾಗೆ ಉದುರು. ಮೇಲೆ ಗಾಳಿ ತಂದು ಒಟ್ಟಿದ ಹೊಸ ಹಿಮ, ಹಲಗೆಯ ಹಾಗೆ. ನೋಡ್ಲಿಕ್ಕೆ ಗಟ್ಟಿ. ಒಬ್ಬ ಕಾಲಿಟ್ರೆ ಸಾಕು ಮಾರಾಯ."

"ಮತ್ತೆ ನೀನು?"

"ನಾಲ್ಕು ಅಂದ ದಿನ ಹೋಗುವುದಿಲ್ಲ. ಅಷ್ಟೇ."

ಫೆಬ್ರವರಿ 11, ಮಂಗಳವಾರ

ಗೌತಮಿ, ಪಾಪು ಇಬ್ಬರದ್ದೂ ವಿಸಿಟ್ ವೀಸಾ ಅರ್ಜಿ ಫರಾ ಮೇಡಂ ಟೇಬಲ್ ಮೇಲೆ. ಕಂಪನಿ ಸೀಲ್ ಬೇಕು. ಮೂರನೇ ವಾರ.

ಮೇಡಂ ನಮ್ಮ ಆಪರೇಷನ್ಸ್ ಮ್ಯಾನೇಜರ್. ಮಂಗಳೂರಿನವರು, ಹುಟ್ಟಿ ಬೆಳೆದದ್ದು ಸೌದಿಯ ಜುಬೈಲ್‌ನಲ್ಲಿ. ಜೋರು ಮಾತೇ ಇಲ್ಲ. ಕಾಫಿ ತಂದ್ರೆ ಎಲ್ಲರಿಗೂ ತರ್ತಾರೆ.

"ಮಾಡುವಾ ಹಿತೇಶ್. ಫೌಂಡಿಂಗ್ ಡೇ ಟ್ರಿಪ್ ಒಂದು ಮುಗೀಲಿ."

ದೊಡ್ಡ ಟ್ರಿಪ್. ಒಂದು ಕಂಪನಿಯ ಎಂಟು ಜನ. ಫೆಬ್ರವರಿ 22 ಸೌದಿ ರಾಜ್ಯ ಸ್ಥಾಪನೆಯಾದ ದಿನ, ಅವತ್ತೇ ಬೆಟ್ಟದ ತುದಿಯಲ್ಲಿ ಬಾವುಟ ಹಿಡಿದು ಫೋಟೋ ಬೇಕು. 23ಕ್ಕೆ ಹತ್ತಿದ್ರೆ ಪ್ರಯೋಜನ ಇಲ್ಲ.

ಫೆಬ್ರವರಿ 20, ಗುರುವಾರ. ಸಂಜೆ

ಮೂರು. ರಾತ್ರಿಯಿಂದ ಹಿಮ ಬೀಳುವ ಸೂಚನೆ.

ಎಂಟು ಜನರಲ್ಲಿ ಇಬ್ಬರಿಗೆ ವಾಂತಿ, ತಲೆನೋವು. ಒಟ್ಟಿಗಿದ್ದ ಅಲ್ಲಿಯ ಲೋಕಲ್ ಗೈಡ್ ಅವರನ್ನು ಕರ್ಕೊಂಡು ಕೆಳಗೆ ಇಳಿದನಂತೆ. ಮೇಲಿನ ಗುಡಿಸಲಲ್ಲಿ ಆರು ಜನ, ಗೈಡ್ ಅಂತ ಅರ್ಕಮ್ ಒಬ್ಬನೇ.

ಫೆಬ್ರವರಿ 21, ಶುಕ್ರವಾರ. 6.10

ನಾಲ್ಕು.

ನಲವತ್ತು ಸೆಂಟಿಮೀಟರ್ ಹೊಸ ಹಿಮ. ಪಶ್ಚಿಮದ ಗಾಳಿ ಎಲ್ಲವನ್ನೂ ಪೂರ್ವದ ಇಳಿಜಾರಿಗೆ ಒಟ್ಟಿದೆ. ನಮ್ಮ ದಾರಿ ಅದೇ.

ಮೇಡಂಗೆ ತೋರಿಸಿದೆ. ರಜೆಯಾದರೂ ಬಂದಿದ್ದರು. ಪೂರ್ತಿ ಓದಿದರು.

"ನಾಲ್ಕು ಅಂತ ಕಳಿಸಿದ್ರೆ ಅವನು ಹೊರಡುವುದಿಲ್ಲ, ಅಲ್ವಾ?"

"ಇಲ್ಲ ಮೇಡಂ."

"ತ್ರೀ ಹಾಕಿ. ತ್ರೀಯಲ್ಲಿ ಎಲ್ಲರೂ ಹತ್ತುತ್ತಾರೆ. ಬುಲೆಟಿನ್‌ನವರು ಒಂದು ಜಾಸ್ತಿಯೇ ಹಾಕುವುದು."

"ಅದು ನಾವು ಹೇಳ್ಲಿಕ್ಕಾಗುವುದಿಲ್ಲ ಮೇಡಂ—"

ನನ್ನ ಅರ್ಜಿಯ ಫೈಲ್ ತೆಗೆದು ಎದುರಿಗೆ ಇಟ್ಟುಕೊಂಡರು. "ಮಗಳಿಗೆ ಎಂತ ಹೆಸರು ಇಟ್ರಿ?" ಕೇಳಿದರು. ಸಾನ್ವಿ ಅಂದೆ. "ಚೆಂದ ಹೆಸರು." ಪೆನ್ನಿನ ಕ್ಯಾಪ್ ತೆಗೆದರು. ಸೈನ್ ಮಾಡಲಿಲ್ಲ. ಕಾದರು.

7.05

ಕಳಿಸಿದೆ. "3. ಹೊಸ ಹಿಮ ಸ್ವಲ್ಪ. ಗಾಳಿ ಸಾಧಾರಣ."

ಹತ್ತು ನಿಮಿಷ ಬಿಟ್ಟು ಅವನ ಉತ್ತರ. "ಇಲ್ಲಿ ಗಾಳಿ ಜೋರುಂಟು. ನನಗೆ ನಾಲ್ಕರ ಹಾಗೆ ಕಾಣ್ತದೆ. ಇವರು ಬಿಡುವುದಿಲ್ಲ. ನಾಲ್ಕು ಅಂತ ತೋರಿಸಿದ್ರೆ ನಿಲ್ಲಿಸಬಹುದಿತ್ತು. ಮೂರು ಅಂತ ನೀನೇ ನೋಡಿದ್ದಾ?"

ಮೇಡಂ ನನ್ನ ಬೆನ್ನ ಹಿಂದೆ ನಿಂತಿದ್ದರು. ಅಲ್ಲ. ಸುಳ್ಳು ಬರೆಯುವುದು ಬೇಡ. ಆಗ ಅವರು ಹೊರಗೆ ಫೋನಿನಲ್ಲಿದ್ದರು. ರೂಮಲ್ಲಿ ನಾನೊಬ್ಬನೇ.

"ಹೌದು" ಅಂತ ಒತ್ತಿದೆ.

ಫೆಬ್ರವರಿ 22, ಶನಿವಾರ. ಮಧ್ಯಾಹ್ನ 1.20

ಬೆಳಿಗ್ಗೆ ಒಂಬತ್ತಕ್ಕೆ ಬರಬೇಕಿದ್ದ ಮೆಸೇಜ್ ಬರಲಿಲ್ಲ. ಡಿವೈಸ್ ಒಂದೇ ಜಾಗದಲ್ಲಿ ಉಂಟು. ಮ್ಯಾಪಿನಲ್ಲಿ ನೀಲಿ ಚುಕ್ಕೆ. ಅಲುಗುವುದಿಲ್ಲ.

ಹೊರಗೆ ಬೀದಿಯಲ್ಲಿ ಬಾವುಟ, ಹಾರ್ನ್, ಮಕ್ಕಳು.

3.45

ಕೆಳಗಿನಿಂದ ಲೋಕಲ್ ಗೈಡ್ ಫೋನ್. ಆರು ಜನ ಸೇಫ್. ಅರ್ಕಮ್ ಅವರನ್ನೆಲ್ಲ ಬಂಡೆಯ ಬದಿಯಲ್ಲಿ ನಿಲ್ಲಿಸಿದನಂತೆ. ಮೊದಲು ನಾನೊಬ್ಬ ದಾಟ್ತೇನೆ, ಕೈ ಬೀಸಿದ ಮೇಲೆ ಒಬ್ಬೊಬ್ಬರೇ ಬನ್ನಿ ಅಂದನಂತೆ. ಅರ್ಧ ದಾಟಿದ್ದ. ಇಳಿಜಾರು ಮೇಲಿಂದಲೇ ಬಿರುಕು ಬಿಟ್ಟಿತು.

ಎಲ್ಲರ ಹತ್ತಿರವೂ ಹಿಮದಡಿ ಸಿಕ್ಕಿದವರ ಸಿಗ್ನಲ್ ಹುಡುಕುವ ಮೆಷಿನ್ ಇತ್ತು. ಹೇಗೆ ಅಂತ ಅವನೇ ಕಲಿಸಿದ್ದ. ಗಾಬರಿಗೆ ಇಬ್ಬರು ಒಂದೇ ಕಡೆ ಸುತ್ತಿದರಂತೆ. ಐವತ್ತು ನಿಮಿಷ. ಎರಡು ಮೀಟರ್ ಅಡಿಯಲ್ಲಿದ್ದ. ಬಾಯಿ ತುಂಬ ಹಿಮ…

ಫೆಬ್ರವರಿ 23, ಭಾನುವಾರ

ಬಾವುಟದ ಫೋಟೋ ಬಂತು. ತುದಿ ಅಲ್ಲ, ಗುಡಿಸಲ ಎದುರು, ಮೊನ್ನೆ ತೆಗೆದದ್ದು. ಕಂಪನಿ ಪೇಜಿನಲ್ಲಿ ಹಾಕಿದ್ದಾರೆ. ಎಲ್ಲ ಅತಿಥಿಗಳೂ ಸುರಕ್ಷಿತ ಅಂತ ಅಡಿಯಲ್ಲಿ. ಸಾವಿರ ಲೈಕ್.

ಮೇಡಂ ಅತ್ತರು. ನಿಜವಾಗಿ ಅತ್ತರು. ಆಮೇಲೆ ಮುಖ ತೊಳೆದು ಬಂದು ಎರಡು ಕಾಗದ ಕೊಟ್ಟರು. ಒಂದು ನನ್ನ ವೀಸಾ ಅರ್ಜಿ, ಸೀಲ್ ಆಗಿತ್ತು. ಇನ್ನೊಂದು ನಾನು ಸೈನ್ ಮಾಡಲಿಕ್ಕೆ. ಅಪಾಯ ನಾಲ್ಕು ಅಂತ ಫೋನಿನಲ್ಲಿ ತಿಳಿಸಿದ್ದೆವು, ಗೈಡ್ ತನ್ನ ನಿರ್ಧಾರದಲ್ಲಿ ಮುಂದೆ ಹೋದರು ಅಂತ.

"ಫೋನ್ ಇಲ್ಲ ಅಲ್ಲಿ. ಮೆಸೇಜಿನಲ್ಲಿ ಮೂರು ಉಂಟು ಮೇಡಂ."

"ಡಿವೈಸ್ ನಮ್ಮದು. ಅಕೌಂಟ್ ನಮ್ಮದು. ಯಾರು ನೋಡ್ತಾರೆ?"

ಸೈನ್ ಮಾಡಿದೆ.

ಮಾರ್ಚ್ 4, ಮಂಗಳವಾರ

ಅರ್ಕಮ್‌ನ ಮಯ್ಯತ್, ಪೆಟ್ಟಿಗೆಯಲ್ಲಿ, ಮೊನ್ನೆ ಉಪ್ಪಿನಂಗಡಿಗೆ ಮುಟ್ಟಿತು. ಮಣ್ಣು ಕೊಟ್ಟು ದಫನ್ ಆಯಿತು.

ಇವತ್ತು ಅವನ ಉಮ್ಮ ಖತೀಜಮ್ಮನ ಫೋನ್. ರಂಜಾನ್ ಉಪವಾಸದ ಸ್ವರ, ಮೆಲ್ಲ.

"ಮಗಾ, ಹಿಮದ ಸುದ್ದಿ ಕಳಿಸುವವನು ನೀನೇ ಅಲ್ವಾ? ಅವನು ಹೇಳ್ತಿದ್ದ. ಹಿತೇಶ್ ಇದ್ರೆ ನನಗೆ ಹೆದರಿಕೆ ಇಲ್ಲ ಉಮ್ಮ ಅಂತ. ಆ ದಿನ ನೀನು ಹೇಳಲಿಲ್ವಾ?"

ಹೇಳಬಹುದಿತ್ತು. ಒಂದು ಉಸಿರು ತೆಗೊಳ್ಳುವಷ್ಟು ಹೊತ್ತು ಇತ್ತು.

"ಹೇಳಿದ್ದೆ ಉಮ್ಮ. ಕೇಳಲಿಲ್ಲ."

"ಸಣ್ಣದರಲ್ಲೇ ಹಾಗೆ ಅವನು. ಹಠ" ಅಂದರು. ಇಟ್ಟರು.

ಮಾರ್ಚ್ 19, ಬುಧವಾರ

ಗೌತಮಿ, ಪಾಪು ಬಂದರು. ಪಾಪು ನನ್ನನ್ನು ನೋಡಿ ಕಿರಿಚಿತು. ಏರ್‌ಪೋರ್ಟಿಂದ ಮನೆಗೆ ಬರುವ ಬುರೈದಾ ರಸ್ತೆ ಇಡೀ ಅತ್ತಿತು. ಮೂರನೇ ದಿನಕ್ಕೆ ಸರಿಯಾಗ್ತದೆ ಅಂತಾಳೆ ಗೌತಮಿ.

ಅರ್ಕಮ್‌ನ ಮಂಚ ತೆಗೆಸಿದೆ.

ಮಾರ್ಚ್ 30, ಭಾನುವಾರ

ಇಲ್ಲಿ ಈದ್. ಊರಲ್ಲಿ ನಾಳೆ.

ಶಹಲಾ ಫೋನ್ ಮಾಡಿದಳು. ಅರ್ಕಮ್‌ನ ಹೆಂಡತಿ. ಮದುವೆಯಾಗಿ ಹದಿನಾಲ್ಕು ತಿಂಗಳು. ಗಂಡ ಸತ್ತ ಮೇಲಿನ ಇದ್ದತ್‌ನಲ್ಲಿ ಮನೆಯೊಳಗೇ ಕೂತಿದ್ದಾಳೆ. ಇವತ್ತಿನವರೆಗೆ ನನ್ನ ಹತ್ತಿರ ಮಾತಾಡಿದವಳಲ್ಲ.

"ಹಿತೇಶಣ್ಣ, ಒಂದು ಕೇಳ್ಬೇಕಿತ್ತು. ನಾಲ್ಕು ಅಂತ ಹೇಳಿದಾಗ ಅವರು ಎಂತ ಹೇಳಿದ್ರು? ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ? ಹೊಟ್ಟೆಯಲ್ಲಿ ಮಗು ಇರುವುದು ಅವರಿಗೆ ಗೊತ್ತಿತ್ತು. ನಾಲ್ಕು ಅಂದ್ರೆ ಹೋಗುವುದಿಲ್ಲ ಅಂತ ನನ್ನ ಕೈ ಹಿಡಿದು ಆಣೆ ಹಾಕಿದ್ರು. ಗೊತ್ತಿದ್ದೂ ಹೋದ್ರಲ್ಲ…"

ಎದ್ದು ಬಾಗಿಲು ಹಾಕಿದೆ.

"ಎಲ್ಲರೂ ಅವರಿಗೆ ಬೇಕಾಗಿ ದುಆ ಮಾಡು, ಅಲ್ಲಾಹನ ಹತ್ತಿರ ಬೇಡು ಅಂತಾರೆ. ಕೈ ಎತ್ತಿದ್ರೆ ಸಿಟ್ಟು ಬರ್ತದೆ. ಸತ್ತವರ ಮೇಲೆ ಇಷ್ಟು ಸಿಟ್ಟು ಇದ್ರೆ ತಪ್ಪಲ್ವಾ ಅಣ್ಣ? ನನಗೆ ಕ್ಷಮಿಸಲಿಕ್ಕೆ ಆಗ್ತಾ ಇಲ್ಲ."

ನೆಟ್ ಸರಿಯಿಲ್ಲ, ನಾಳೆ ಮಾಡ್ತೇನೆ ಅಂದೆ.

ಮಾರ್ಚ್ 31, ಸೋಮವಾರ. ಬೆಳಿಗ್ಗೆ 10.30

ಫೋನ್ ಎದುರಿಗೇ ಉಂಟು. ಶಹಲಾಗೆ ಹೇಳ್ಬೇಕಾದ್ದನ್ನು ಬರೆದುಕೊಂಡು ಓದುವುದು ಅಂತ. ಇಲ್ಲದಿದ್ರೆ ಬಾಯಿ ಮತ್ತೆ ಬೇರೆಯೇ ಹೇಳೀತು. ಹೇಳಿದ್ರೆ ಕೆಲಸ ಹೋಗ್ತದೆ. ಸೈನ್ ಮಾಡಿದ ಕಾಗದಕ್ಕೆ ಜೈಲೂ ಇರಬಹುದು. ಗೌತಮಿಗೆ ಇನ್ನೂ ಗೊತ್ತಿಲ್ಲ. ಪಾಪುವಿಗೆ ಗಂಜಿ ತಿನ್ನಿಸ್ತಾ ಇದ್ದಾಳೆ. ನಿನ್ನೆಯಿಂದ ಪಾಪು ನನ್ನ ಹತ್ತಿರ ಬರ್ತದೆ.

ಶಹಲಾ, ಅರ್ಕಮ್ ಆಣೆ ಮುರಿಯಲಿಲ್ಲ. ಅವನು ಕೇಳಿದ್ದ. ಬುಲೆಟಿನ್‌ನಲ್ಲಿ ನಾಲ್ಕೇ ಇತ್ತು. ಅವನಿಗೆ ನಾನು ಮೂರು ಅಂತ—