ಗಣಿತದ ಟೀಚರ್ ಕೊಟ್ಟ ಅಳತೆ

ಮಾರ್ಚ್ ೧೧, ಮಂಗಳವಾರ

ಆಸ್ಪತ್ರೆಯಲ್ಲಿ ನನ್ನ ಅಧ್ಯಯನಕ್ಕೆ ಆರೋಗ್ಯವಂತರ ಗುದದ ಸ್ನಾಯುಗಳ ಬಲ ಅಳೆಯಬೇಕು ಎಂದ ಕೂಡಲೇ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತದೆ. ಆರೋಗ್ಯವಂತರ ಅಳತೆಯೇ ಇಲ್ಲದೆ ರೋಗಿಯದು ಕಡಿಮೆಯೋ ಸರಿಯೋ ಎಂದು ಹೇಳುವುದು ಹೇಗೆ? ಅರವತ್ತು ದಾಟಿದ ಹೆಂಗಸರಂತೂ ಒಬ್ಬರೂ ಸಿಕ್ಕಿರಲಿಲ್ಲ.

ಇವತ್ತು ನಿವೃತ್ತ ಗಣಿತದ ಟೀಚರೊಬ್ಬರು ತಾವಾಗಿಯೇ ಬಂದು ಎಡಮಗ್ಗುಲಿಗೆ ಮಲಗಿದರು. ಬಲ ಅಳೆಯುವ ತೆಳು ಕೊಳವೆ ಒಳಗಿಡುವಾಗ ನಾನೇ ಮೂರು ಸಲ ಕ್ಷಮೆ ಕೇಳಿದೆ.

"ನಾಚಿಕೆ ನನಗಾಗಬೇಕು, ನಿನಗ್ಯಾಕಮ್ಮ?" ಅಂದರು. ಬಿಗಿಹಿಡಿಯಿರಿ ಅಂದಾಗಲೆಲ್ಲ ಹಲ್ಲುಕಚ್ಚಿ ಹಿಡಿದರು. ಎಂಥ ಗಟ್ಟಿಗಿತ್ತಿ!

ಮುಗಿದ ಮೇಲೆ, ಯಾಕೆ ಬಂದಿರಿ ಎಂದು ಕೇಳಿದೆ.

"ನನ್ನಕ್ಕನಿಗೆ ಮಲ ತಡ್ಕೊಳ್ಳೋಕೆ ಆಗ್ತಿರಲಿಲ್ಲ. ವಯಸ್ಸಾದ್ರೆ ಎಲ್ಲರಿಗೂ ಹೀಗೇ ಅಂತ ಡಾಕ್ಟ್ರು ವಾಪಸ್ ಕಳಿಸಿದ್ರು. ಸಾಯೋವರೆಗೂ, ಆರು ವರ್ಷ, ಅವಳು ಹೊಸ್ತಿಲು ದಾಟಲಿಲ್ಲ. ಎಲ್ಲರಿಗೂ ಅಂದ್ರೆ ಯಾರಿಗೆ? ಎಣಿಸಿದ್ದು ಯಾರು?"

ಅವರ ಅಂಕಿ ಬರೆಯಲು ಅರವತ್ತು ದಾಟಿದವರ ಪಟ್ಟಿ ತೆರೆದೆ. ಉಳಿದ ಸಾಲುಗಳೆಲ್ಲ ಖಾಲಿ ಇದ್ದದ್ದು ನೋಡಿ ಅವರು ತಲೆಯಾಡಿಸಿದರು.

"ಒಂದೇ ಅಂಕಿಯಿಂದ ಸರಾಸರಿ ಬರಲ್ಲ. ನನ್ನ ಜೊತೆ ವಾಕಿಂಗ್ ಬರೋರು ಹನ್ನೊಂದು ಹೆಂಗಸರು, ಎಲ್ಲರೂ ಅರವತ್ತು ದಾಟಿದವರು, ಗಟ್ಟಿಮುಟ್ಟು. ಬೈಕೊಂಡಾದ್ರೂ ನಾಳೆ ಬರ್ತಾರೆ."

ಬರುತ್ತಾರೆ, ಅನುಮಾನವೇ ಇಲ್ಲ. ಕಣ್ಣು ಎಳೆಯುತ್ತಿದೆ. ಹೊರಗಿನ ಬೆಂಚಿನಲ್ಲಿ ಐದೇ ಜನ ಹಿಡಿಯೋದು, ಉಳಿದವರಿಗೆ ಬೆಳಿಗ್ಗೆ ಬೇಗ ಹೋಗಿ ಕುರ್ಚಿ ಹಾಕಿಡಬೇಕು.