ಕೋಳಿಗೂಡಿನಿಂದ ಬಂದ ಕಾರು

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ನನ್ನ ಪುಟ್ಟೀ,

ಹೇಗಿದ್ದೀಯಾ ಮಗಳೇ? ಕಾಲಿನ ಊತ ಇಳಿಯಿತೇ? ಹೊಟ್ಟೆಯೊಳಗಿನ ತುಂಟ ನಿದ್ದೆ ಮಾಡಗೊಡುತ್ತಾನೋ ಇಲ್ಲವೋ? ಡಾಕ್ಟರು ಮಲಗಿರು ಎಂದರೆ ಮಲಗಿರಬೇಕು. ಅಪ್ಪನನ್ನು ಕೊನೆಗೊಮ್ಮೆ ನೋಡಲಾಗಲಿಲ್ಲವೆಂದು ಕೊರಗಬೇಡ. ಫೋನಿನಲ್ಲಿ ಹೇಳಹೊರಟರೆ ಇಬ್ಬರೂ ಅಳುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಗೊತ್ತೇ ಇದೆ, ಅವರು ಕಾರ್ಖಾನೆಯಲ್ಲಿ ಪಂಪುಗಳ ಇಂಜಿನಿಯರು, ಮನೆಗೆ ಬಂದರೆ ಹಳೇ ಕಾರುಗಳ ದಾದಿ. ಎಲ್ಲಾದರೂ ತುಕ್ಕು ಹಿಡಿದು ಬಿದ್ದ ಕಾರು ಕಂಡರೆ ಊಟ ಬೇಡ, ನಿದ್ದೆ ಬೇಡ. ಈ ಕೊನೆಯದು ಸಿಕ್ಕಿದ್ದು ಒಬ್ಬ ತೋಟಗಾರನ ಕೋಳಿಗೂಡಿನಲ್ಲಿ. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತಂತೆ. ಕೊಂಡ ಮೇಲೂ ಕಾರು ಮನೆಗೆ ಬರಲಿಲ್ಲ. ಕೇಳಿದರೆ, “ಕಾವಿಗೆ ಕೂತೋಳನ್ನ ಎಬ್ಬಿಸೋಕಾಗುತ್ತೇನೇ? ಮರಿ ಹೊರಗೆ ಬರ್ಲಿ, ತಡಿ” ಎಂದರು. ಮರಿಗಳೆಲ್ಲ ಓಡಾಡತೊಡಗಿದ ಮೇಲೇ ಅದು ನಮ್ಮ ಶೆಡ್ಡು ಸೇರಿದ್ದು. ಇಂಥ ಮನುಷ್ಯನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡುವುದು ಹೇಳು!

ಕಾಯಿಲೆ ಜೋರಾದ ಮೇಲೆ ಅವರ ಕೈಯಲ್ಲಿ ಸ್ಪ್ಯಾನರ್ ನಿಲ್ಲುತ್ತಿರಲಿಲ್ಲ. ಶೆಡ್ಡಿನಲ್ಲೇ ಕುರ್ಚಿ ಹಾಕಿಸಿಕೊಂಡರು. ಅವರು ಹೇಳಿದಂತೆ ನಾನು ಬಿಚ್ಚಿದೆ, ತೊಳೆದೆ, ಬಿಗಿದೆ. “ಮೆಲ್ಲಗೆ ಬಿಗಿಯೇ, ಅದೇನು ನನ್ನ ಕುತ್ತಿಗೇನಾ?” ಎಂದು ರೇಗಿಸುವರು. ನಕ್ಕೂ ನಕ್ಕೂ ಕೆಮ್ಮುವರು.

ಅವರು ಹೋಗುವ ಒಂದು ವಾರ ಮುಂಚೆ ಇಂಜಿನ್ನು ಸ್ಟಾರ್ಟ್ ಆಯಿತು. ಅವರ ಗೆಳೆಯ, ನಮ್ಮ ಪೇಂಟರ್ ಮಾವ, ಓಡಿಸಿದರು. ನಾವಿಬ್ಬರೂ ಹಿಂದೆ ಕೂತೆವು. ತಮ್ಮ ಉಸಿರೇ ಎಳೆಯುತ್ತಿದ್ದರೂ, “ಕೇಳ್ತಿದೀಯಾ, ಎಷ್ಟು ಚೆನ್ನಾಗಿ ಉಸಿರಾಡ್ತಿದಾಳೆ!” ಎಂದು ನನ್ನ ಕೈ ಅದುಮಿದರು. ಬೀದಿಯ ತಿರುವಿನಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದಾಗ ರಾಜನ ಹಾಗೆ ಕೈ ಎತ್ತಿದರು. ಆಮೇಲೆ ಹಾಸಿಗೆ ಬಿಟ್ಟೇಳಲಿಲ್ಲ. ಆದರೆ ಕೊರಗುತ್ತ ಹೋಗಲಿಲ್ಲ ಮಗಳೇ, ಅದೊಂದು ನೀನು ತಿಳಿದಿರಬೇಕು.

ಕಾರು ಕೊಳ್ಳುವವನನ್ನು ನೀನು ಕಳಿಸಿದ್ದು ನನ್ನ ಒಳ್ಳೆಯದಕ್ಕೇ. ಕಾಫಿ ಕೊಟ್ಟು ಕಳಿಸಿಬಿಟ್ಟೆ. ಬೇಸರ ಮಾಡಿಕೊಳ್ಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರನ್ನು ಕೇಳಿದೆನೆಂದು ಹೇಳು. ನೀನೂ ನಿನ್ನ ಕೂಸೂ ತಣ್ಣಗಿರಿ.

ನಿನ್ನ
ಅಮ್ಮ

ತಾ.ಕ.: ಹೇಳಬೇಕಾದ್ದೇ ಬಿಟ್ಟೆ! ಮೊನ್ನೆ ನನಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತು. ನಿನ್ನ ಹೆರಿಗೆಗೆ ಅದೇ ಕಾರಿನಲ್ಲಿ ಬರುತ್ತಿದ್ದೇನೆ. ಪೇಂಟರ್ ಮಾವ ಪಕ್ಕದಲ್ಲಿರುತ್ತಾರೆ, ಗಾಬರಿಯಾಗಬೇಡ. ಗೇಟಿನ ಮುಂದೆ ಸುತ್ತಿ ತಿರುಗಿಸುವಷ್ಟು ಜಾಗ ಮಾಡಿಸಿಡು. ರಿವರ್ಸ್ ಗೇರು ಸರಿಮಾಡಲು ನಿನ್ನಪ್ಪನಿಗೆ ಪುರಸೊತ್ತಾಗಲಿಲ್ಲ. ಮುಂದಕ್ಕೆ ಮಾತ್ರ ಚೆನ್ನಾಗಿ ಓಡುತ್ತದೆ.