ಅಂಗೈಯಲ್ಲಿ ಕೊಟ್ಟ ಔಷಧಿ

ಪ್ರೀತಿಯ ಅಕ್ಕಾ,

ಎರಡು ವರ್ಷ ಮಾತು ಬಿಟ್ಟವಳು ಈಗ ನರಿಯೊಂದರ ಹೊಟ್ಟೆಹುಳದ ನೆಪದಲ್ಲಿ ಪತ್ರ ಬರೆಯುತ್ತಿದ್ದಾಳೆ ಎಂದು ನಗಬೇಡ. ನಕ್ಕರೂ ಪರವಾಗಿಲ್ಲ, ಪೂರ್ತಿ ಓದು. ನನಗೆ ತಲೆಬುಡ ತಿಳಿಯುತ್ತಿಲ್ಲ.

ನೀನು ಡಾಕ್ಟರಾಗಿದ್ದ ನಮ್ಮ ಕಾಡುಪ್ರಾಣಿ ಆರೈಕೆ ಕೇಂದ್ರಕ್ಕೆ ಹೋದ ತಿಂಗಳು ಒಂದು ಹೆಣ್ಣು ನರಿ ಬಂತು. ಮೈಯೆಲ್ಲ ಮೂಳೆ, ಹೊಟ್ಟೆ ಮಾತ್ರ ಗುಡಾಣ. ಮಲ ಪರೀಕ್ಷೆ ಮಾಡಿದರೆ ಬರೀ ಜಂತುಹುಳದ ತತ್ತಿಗಳು. ಹೊಸ ಡಾಕ್ಟರು ತೂಕ ನೋಡಿ ಐದು ದಿನಕ್ಕೆ ಔಷಧಿ ಬರೆದರು, ಎರಡು ವಾರ ಬಿಟ್ಟು ಮತ್ತೆ ಐದು ದಿನ. ಕೊಡುವ ಕೆಲಸ ನನ್ನದು. ಬಟ್ಟಲಿನ ಮಾಂಸದೊಳಗೆ ಮಾತ್ರೆ ಅಡಗಿಸಿಟ್ಟರೆ ಆ ಕಿಲಾಡಿ ಮಾಂಸ ತಿಂದು ಮಾತ್ರೆಯನ್ನು ಅಚ್ಚುಕಟ್ಟಾಗಿ ಪಕ್ಕಕ್ಕೆ ಉಗುಳುತ್ತಿತ್ತು. ಕೊನೆಗೆ ಪುಡಿ ಮಾಡಿ, ಬೇಯಿಸಿದ ಕೋಳಿಮೊಟ್ಟೆಯಲ್ಲಿ ಕಲಸಿ ಅಂಗೈಯಲ್ಲಿ ಹಿಡಿದೆ. ನೆಕ್ಕಿತು. ಕೈಯಿಂದ ತಿನ್ನಿಸಬೇಡ ಎಂದು ನೀನು ಸಾವಿರ ಸಲ ಹೇಳಿದ್ದೆ. ಇದೊಂದು ದಿನ ಎಂದುಕೊಂಡೆ, ಉಳಿದ ದಿನವೂ ಹಾಗೇ ಆಯಿತು. "ತಿನ್ನೇ ನಮ್ಮಮ್ಮ" ಎಂದು ಮುದ್ದು ಮಾಡಿದ್ದೂ ಉಂಟು.

ನಿನ್ನೆಯ ಪರೀಕ್ಷೆಯಲ್ಲಿ ಒಂದು ತತ್ತಿಯೂ ಕಾಣಲಿಲ್ಲ. "ಗುಣ ಆಯ್ತು, ನಾಳಿದ್ದು ಕಾಡಿಗೆ ಬಿಟ್ಬಿಡೋಣ" ಎಂದರು ಡಾಕ್ಟರು. ಆದರೆ ನನ್ನನ್ನು ಕಂಡರೆ ಅದು ಬಾಲ ಅಲ್ಲಾಡಿಸಿಕೊಂಡು ಬರುತ್ತದೆ. ಕಂಡವರ ಬಳಿಯೆಲ್ಲ ಹೀಗೇ ಹೋದರೆ ಅವರು ಕೋಲು ಎತ್ತುತ್ತಾರೆ. ನಾನು ಅದನ್ನು ಗುಣಪಡಿಸಿದೆನೋ ಸಾಯಲು ಕಳಿಸುತ್ತಿದ್ದೇನೋ, ನೀನೇ ಹೇಳು.

ಬಿಡುವ ಮುನ್ನ ನೀನು ತಗಡಿನ ಡಬ್ಬ ಬಡಿದು, ಕೂಗಾಡಿ, ಪ್ರಾಣಿಗಳನ್ನು ಹೆದರಿಸುತ್ತಿದ್ದೆ. ಅದನ್ನು ನೋಡಲಾರದೆ ಒಮ್ಮೆ ಎಲ್ಲರೆದುರು "ನಿಂಗೆ ಕರುಳೇ ಇಲ್ಲ" ಎಂದುಬಿಟ್ಟೆ. "ಹೆದರಿಕೆ ಇದ್ರೆ ಬದುಕ್ಕೊಳ್ಳುತ್ತೆ ಕಣೇ" ಎಂದಷ್ಟೇ ಹೇಳಿ ನೀನು ಒಳಗೆ ಹೋದೆ. ವಾರದೊಳಗೆ ಬೇರೆ ಊರಿನ ಕೆಲಸಕ್ಕೆ ಸೇರಿಕೊಂಡೆ. ಆ ಮಾತು ನಾನು ಆಡಬಾರದಿತ್ತು.

ಇವತ್ತು ಬೆಳಿಗ್ಗೆ ನಾನೂ ಡಬ್ಬ ಬಡಿದೆ. ಗಂಟಲು ಕಟ್ಟುವಷ್ಟು ಕೂಗಿದೆ. ನರಿ ಹೆದರಿತು ಅಕ್ಕಾ, ಗಡಗಡ ನಡುಗಿತು. ಹೆದರಿ ಓಡಿಬಂದು ನನ್ನ ಕಾಲ ಹಿಂದೆಯೇ ಅಡಗಿಕೊಂಡಿತು.

ಬಿಡುವುದನ್ನು ಒಂದು ವಾರ ಮುಂದೂಡಿಸಿದ್ದೇನೆ. ಇದು ನನ್ನಿಂದಾಗದು, ನೀನು ಬಾ. ನೀನು ಹೆದರಿಸುವಷ್ಟು ಹೊತ್ತು ನಾನು ಆಚೆ ಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿರುತ್ತೇನೆ.

ಹರಸುವಷ್ಟು ದೊಡ್ಡವಳು ನಾನಲ್ಲ. ಸಿಟ್ಟು ಹೋಗಿದ್ದರೆ ನೀನೇ ನನ್ನನ್ನು ಹರಸು.

ದಾರಿ ಕಾಯುತ್ತಿರುವ,
ನಿನ್ನ ತಂಗಿ